ಆಸ್ಪತ್ರೆಯ ಆಚೆಗೂ ಒಂದು ಬೆಂಗಳೂರಿದೆ

ನಮ್ಮ ಹಿರೀಸಾವೆಯಲ್ಲಿ ಬೆಂಗಳೂರು ಅಂದರೆ ಬಸ್ಸಿನ ಬೋರ್ಡು. ಹಗಲು ರಾತ್ರಿ ಆ ಬೋರ್ಡು ಹೆದ್ದಾರಿಯಲ್ಲಿ ಓಡಾಡುತ್ತಲೇ ಇರುತ್ತದೆ. ಮಂಗಳೂರು, ಪುತ್ತೂರು, ಉಪ್ಪಿನಂಗಡಿ ಕಡೆಯಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ ದಾಟಿ ಬರುವ ಬಸ್ಸುಗಳೆಲ್ಲ ನಮ್ಮ ಊರಿನ ಮೇಲೆಯೇ ಹೋಗಬೇಕು. ಉಪ್ಪ ಬಂಟ್ವಾಳ ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿ ಚಹಾದ ಅಂಗಡಿ ಇಟ್ಟು ನಲವತ್ತು ವರ್ಷ ಆಯಿತು. ಅಷ್ಟು ವರ್ಷವೂ ಉಮ್ಮ ಒಳಗೆ ನಿಂತು ಬೆಂಗಳೂರಿಗೆ ಹೋಗುವವರಿಗೆ ಚಹಾ ಕಾಸಿದ್ದಾರೆ.

ಅಂಥ ಉಮ್ಮ ಬೆಂಗಳೂರು ನೋಡಿರಲಿಲ್ಲ. ಹೋಗಿಲ್ಲ ಅಂತಲ್ಲ. ಸಕ್ಕರೆ ಕಾಯಿಲೆ, ಆಮೇಲೆ ಹೃದಯದ ತೊಂದರೆ ಅಂತ ಮೂರು ವರ್ಷದಲ್ಲಿ ಒಂಬತ್ತು ಸಲ ಹೋಗಿದ್ದಾರೆ. ಬೆಳಗ್ಗೆ ಐದಕ್ಕೆ ಹೊರಡುವುದು, ಆಸ್ಪತ್ರೆಯ ಬೆಂಚಿನಲ್ಲಿ ಕೂರುವುದು, ರಿಪೋರ್ಟ್ ಸಿಕ್ಕ ಕೂಡಲೇ ಬಸ್ ಹಿಡಿದು ಊರಿಗೆ ಮರಳುವುದು. ಒಂಬತ್ತನೇ ಸಲ ವಾಪಸು ಬರುವಾಗ ಅವರು ಕಿಟಕಿ ಕಡೆ ನೋಡುತ್ತಾ, "ಮೋನೇ, ಬೆಂಗಳೂರಿನಲ್ಲಿ ಲಾಲ್‌ಬಾಗ್ ಅಂತ ಇದೆಯಲ್ಲ, ಅದು ನಿಜವಾಗಿ ಯಾವ ಕಡೆ?" ಅಂತ ಕೇಳಿದರು. ನನಗೆ ನಾಚಿಕೆಯಾಯಿತು.

ಇದು ನಮ್ಮ ಮನೆಯದ್ದು ಮಾತ್ರ ಅಂತ ನನಗೆ ಅನಿಸುವುದಿಲ್ಲ. ಘಟ್ಟದ ಮೇಲಿನ, ಕೆಳಗಿನ ಎಷ್ಟೋ ಬ್ಯಾರಿ ಮನೆಗಳಲ್ಲಿ ಬೆಂಗಳೂರು ಅಂದರೆ ಆಸ್ಪತ್ರೆ, ವೀಸಾ ಕಚೇರಿ, ಹಜ್ ಭವನ, ಮಗನನ್ನು ಗಲ್ಫಿಗೆ ಕಳಿಸುವ ವಿಮಾನ ನಿಲ್ದಾಣ. ಗಂಡಸರಿಗಾದರೆ ವ್ಯಾಪಾರದ ನೆಪದಲ್ಲಿ ನಾಲ್ಕು ರಸ್ತೆಯಾದರೂ ಗೊತ್ತು. ಮನೆಯ ಹೆಂಗಸರಿಗೆ, ವಯಸ್ಸಾದವರಿಗೆ ಅದೂ ಇಲ್ಲ. ನಮ್ಮ ಹಿರೀಸಾವೆಯ ಕ್ರಾಸಿನಲ್ಲಿ ಇಳಿದು ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಲು ಯಾವ್ಯಾವುದೋ ದೇಶದವರು ಹೋಗುತ್ತಾರೆ. ಅವರಿಗೆ ದಾರಿ ತೋರಿಸುವ ನಾವು ನಮ್ಮದೇ ರಾಜಧಾನಿಯನ್ನು ನೋಡಿಲ್ಲ.

ಹತ್ತನೇ ಸಲ ಹೋಗುವಾಗ ಹೆಂಡತಿಯನ್ನೂ ಒಂಬತ್ತನೇ ಕ್ಲಾಸಿನ ಮಗಳನ್ನೂ ಕರೆದುಕೊಂಡೆವು. ಡಬ್ಬಿಯಲ್ಲಿ ಪತ್ತಿರ್, ಚಟ್ನಿ, ಉಮ್ಮನ ಮಾತ್ರೆ. ಹೊರಡುವ ಮುಂಚೆ ಉಮ್ಮ ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: "ಬುರ್ಖಾ ಹಾಕಿಕೊಂಡು ಪಾರ್ಕಿಗೆಲ್ಲ ಹೋದರೆ ಯಾರಾದರೂ ಏನಾದರೂ ಅಂದರೆ?" ಈಚಿನ ವರ್ಷಗಳಲ್ಲಿ ಫೋನಿನಲ್ಲಿ ಬರುವ ವಿಡಿಯೊಗಳನ್ನು ನೋಡಿ ಹುಟ್ಟಿದ ಭಯ ಅದು. ನನ್ನ ಹತ್ತಿರವೂ ಖಚಿತ ಉತ್ತರ ಇರಲಿಲ್ಲ. "ಹೋಗಿ ನೋಡೋಣ ಉಮ್ಮ" ಅಂದೆ.

ಆಸ್ಪತ್ರೆಯ ಪಕ್ಕದಲ್ಲೇ ಅರಮನೆ

ತಪಾಸಣೆ ಹನ್ನೊಂದು ಗಂಟೆಗೆ ಮುಗಿಯಿತು. ಮೊದಲು ಹೋದದ್ದು ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಗೆ. ಸಿಟಿ ಮಾರ್ಕೆಟ್ ಗೊತ್ತಿದ್ದವರಿಗೆ ಇದು ಹುಡುಕುವ ಜಾಗವೇ ಅಲ್ಲ. ವಿಕ್ಟೋರಿಯಾ ಆಸ್ಪತ್ರೆಯಿಂದ ನಡೆದೇ ಹೋಗಬಹುದು. 1900ರಲ್ಲಿ ಉದ್ಘಾಟನೆಯಾದ ಆ ಆಸ್ಪತ್ರೆಗೆ ನಮ್ಮ ಜಿಲ್ಲೆಗಳಿಂದ ಎಷ್ಟು ಜನ ಬಂದು ಹೋಗಿಲ್ಲ! ಅವರಲ್ಲಿ ಎಷ್ಟು ಜನ ಪಕ್ಕದ ಅರಮನೆಯ ಒಳಗೆ ಕಾಲಿಟ್ಟಿರಬಹುದು?

ಹೈದರಾಲಿ 1781ರಲ್ಲಿ ಶುರು ಮಾಡಿದ ಈ ಕಟ್ಟಡವನ್ನು ಟಿಪ್ಪು 1791ರಲ್ಲಿ ಮುಗಿಸಿದರು. ಕಲ್ಲಿನ ಪೀಠದ ಮೇಲೆ ಸಾಲು ಸಾಲು ತೇಗದ ಕಂಬಗಳು, ಕಮಾನುಗಳು, ಮೇಲ್ಮಹಡಿಯಲ್ಲಿ ದರ್ಬಾರು ನಡೆಸುತ್ತಿದ್ದ ಮೊಗಸಾಲೆಗಳು. ಗೋಡೆಯ ಬಣ್ಣದ ಹೂಬಳ್ಳಿ ಹಲವು ಕಡೆ ಮಾಸಿದೆ. 'ರಶ್ಕ್-ಎ-ಜನ್ನತ್', ಅಂದರೆ ಸ್ವರ್ಗವೇ ಅಸೂಯೆಪಡುವ ಜಾಗ, ಅಂತ ಇದಕ್ಕೆ ಹೆಸರಿಟ್ಟಿದ್ದರು. ಕೆಳಗಿನ ಕೋಣೆಗಳಲ್ಲಿ ಸಣ್ಣದೊಂದು ವಸ್ತುಸಂಗ್ರಹಾಲಯವಿದೆ. ಸೈನಿಕನ ಮೇಲೆ ಎರಗಿದ ಹುಲಿಯ ಪ್ರತಿಕೃತಿ ಅಲ್ಲಿದೆ, ಮೂಲ ಗೊಂಬೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಉಮ್ಮ ಒಂದು ಕಂಬಕ್ಕೆ ಕೈಯಿಟ್ಟು ಸುಮ್ಮನೆ ನಿಂತರು. "ನಮ್ಮ ಅಜ್ಜನ ಮನೆಯ ಚಾವಡಿಯಲ್ಲೂ ಇಂಥದೇ ಮರ ಇತ್ತು" ಅಂದರು. ಮಗಳು ಪಾಠಪುಸ್ತಕದಲ್ಲಿ ಓದಿದ್ದನ್ನು ಅಜ್ಜಿಗೆ ಹೇಳತೊಡಗಿದಳು. ಅರಮನೆಗೆ ತಾಗಿದಂತೆ ಕೋಟೆ ವೆಂಕಟರಮಣ ದೇವಸ್ಥಾನ ಇದೆ. ಚಿಕ್ಕದೇವರಾಜ ಒಡೆಯರ ಕಾಲದ್ದು, ಅರಮನೆಗಿಂತ ಸುಮಾರು ನೂರು ವರ್ಷ ಹಳೆಯದು. ಟಿಪ್ಪು ಅರಮನೆ ಕಟ್ಟಿಸಿದಾಗಲೂ ದೇವಸ್ಥಾನ ಅಲ್ಲೇ ಇತ್ತು, ಈಗಲೂ ಇದೆ. ಉಮ್ಮ ಎರಡನ್ನೂ ಒಟ್ಟಿಗೆ ನೋಡಿ, "ಇದನ್ನು ಯಾರೂ ವಿಡಿಯೊ ಮಾಡಿ ಕಳಿಸುವುದಿಲ್ಲ" ಅಂದರು.

ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೋಟೆಯ ದಿಲ್ಲಿ ಬಾಗಿಲು. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿದರು, ಹೈದರಾಲಿ ಕಲ್ಲಿನ ಕೋಟೆ ಕಟ್ಟಿಸಿದರು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಹಿಡಿಯಿತು. ದೊಡ್ಡ ಕೋಟೆಯಲ್ಲಿ ಈಗ ಉಳಿದಿರುವುದು ಆ ಬಾಗಿಲು ಮತ್ತು ಸ್ವಲ್ಪ ಗೋಡೆ. ಇದೇ ಟಿಪ್ಪು 1784ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಬಹುದು.

"ಉರ್ದು ಬರಲ್ವಾ?"

ಲುಹರ್ ನಮಾಝ್‌ಗೆ ನಾನು ಮಾರ್ಕೆಟ್ ಎದುರಿನ ಜಾಮಿಯಾ ಮಸೀದಿಗೆ ಹೋದೆ. ಬಿಳಿ ಅಮೃತಶಿಲೆಯ ಆ ಕಟ್ಟಡ ಬಸ್ಸಿನಿಂದ ನೋಡಿದವರಿಗೂ ನೆನಪಿರುತ್ತದೆ. ನಾವು ಶಾಫಿಗಳು. ಇಷ್ಟು ದೂರದ ಪ್ರಯಾಣದಲ್ಲಿ ಲುಹರ್, ಅಸರ್ ಒಟ್ಟಿಗೆ ಮಾಡಲು, ನಾಲ್ಕು ರಕಅತನ್ನು ಎರಡು ಮಾಡಲು ನಮಗೆ ಅನುಮತಿ ಇದೆ. ಬೆಂಗಳೂರಿನ ಮಸೀದಿಗಳು ಹೆಚ್ಚಾಗಿ ಹನಫಿಗಳದ್ದು, ಅಲ್ಲಿ ಅಸರ್ ಬಾಂಗ್ ನಮ್ಮ ಲೆಕ್ಕಕ್ಕಿಂತ ತಡ. ಅದು ಗೊತ್ತಿಲ್ಲದೆ ಎಷ್ಟೋ ಜನ ಸಮಯ ತಪ್ಪಿಸಿಕೊಳ್ಳುತ್ತಾರೆ. ಹೆಂಗಸರಿಗೆ ನಮಾಝಿನ ಜಾಗ ಎಲ್ಲ ಮಸೀದಿಯಲ್ಲೂ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಬೇಕು. ಉಮ್ಮ, ಹೆಂಡತಿ, ಮಗಳು ಆಸ್ಪತ್ರೆಯ ಹತ್ತಿರ ಪರಿಚಯದವರ ಮನೆಯಲ್ಲಿ ಜಮ್ಅ್ ಮಾಡಿ ಮುಗಿಸಿದ್ದರು.

ಮಾರ್ಕೆಟ್‌ನ ಒಣಹಣ್ಣಿನ ಅಂಗಡಿಯವನು ಉಮ್ಮನ ಬುರ್ಖಾ ನೋಡಿ ದಖನಿಯಲ್ಲಿ ಗಡಗಡ ಮಾತಾಡಿದ. ಉಮ್ಮ ಕನ್ನಡದಲ್ಲಿ ಕೇಳಿದರು, "ಖರ್ಜೂರ ಹೇಗಪ್ಪಾ ಕೆಜಿಗೆ?" ಅವನಿಗೆ ಆಶ್ಚರ್ಯ. "ಅಮ್ಮಾ, ಉರ್ದು ಬರಲ್ವಾ ನಿಮಗೆ?" "ನಮ್ಮದು ಬ್ಯಾರಿ ಭಾಷೆ ಮಗಾ, ಊರಲ್ಲಿ ಕನ್ನಡ." ಅವನು ಬ್ಯಾರಿ ಅಂದರೆ ಏನು ಅಂತ ಕೇಳಿದ, ಉಮ್ಮ ಹೇಳಿದರು. ಅರ್ಧ ಕೆಜಿ ಖರ್ಜೂರದ ಜೊತೆ ಒಂದು ಹಿಡಿ ಹೆಚ್ಚು ಬಂತು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಪ್ರತಿಯೊಬ್ಬ ಬ್ಯಾರಿಗೂ ಎದುರಾಗುತ್ತದೆ. ಆ ಊರಿನ ಮುಸ್ಲಿಮರೇ ಒಂದು ತರಹದವರಲ್ಲ. ದಖನಿ ಮಾತಾಡುವವರು, ಕಛ್ ಕಡೆಯಿಂದ ಬಂದ ಮೇಮನರು, ಮಲಯಾಳ ಮಾತಾಡುವ ಮಾಪಿಳ್ಳೆಗಳು, ತಮಿಳು ಮಾತಾಡುವವರು, ಇರಾನಿನಿಂದ ಬಂದ ಶಿಯಾ ಕುಟುಂಬಗಳು, ನಮ್ಮ ಬ್ಯಾರಿಗಳು. ಶಿರಾಜಿನಿಂದ 1824ರಲ್ಲಿ ಕುದುರೆ ವ್ಯಾಪಾರಕ್ಕೆ ಬಂದ ಆಗಾ ಅಲಿ ಅಸ್ಕರ್ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಅವರ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಶಿವಾಜಿನಗರದಲ್ಲಿ ಪರ್ದಾ ಪಾಲಿಸುವ ಹೆಂಗಸರಿಗೆಂದೇ ಗೋಷಾ ಆಸ್ಪತ್ರೆ ಕಟ್ಟಿಸಿಕೊಟ್ಟವರು ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ವ್ಯಾಪಾರಕ್ಕೆ ಬಂದವರು ಊರನ್ನು ಕಟ್ಟಿದ ಕಥೆ ಇದು. 'ಬ್ಯಾರ' ಅಂದರೆ ವ್ಯಾಪಾರ ಎಂಬ ಮಾತಿನಿಂದಲೇ ಹೆಸರು ಬಂದಿದೆ ಎನ್ನುವ ನಮಗೆ ಇದು ದೂರದ ಕಥೆಯಲ್ಲ.

ಲಾಲ್‌ಬಾಗಿನ ಬಂಡೆಯ ಮೇಲೆ

ಕೆ.ಆರ್. ಮಾರ್ಕೆಟ್‌ನಿಂದ ಲಾಲ್‌ಬಾಗಿಗೆ ಮೆಟ್ರೊದಲ್ಲಿ ಎರಡನೇ ನಿಲ್ದಾಣ. ಉಮ್ಮನಿಗೆ ಮೊದಲ ಮೆಟ್ರೊ ಪ್ರಯಾಣ. ಎಸ್ಕಲೇಟರ್ ಎದುರು ಒಂದು ನಿಮಿಷ ನಿಂತು "ಬೇಡ" ಅಂದರು, ಲಿಫ್ಟಿನಲ್ಲಿ ಇಳಿದೆವು.

ಹೈದರಾಲಿ 1760ರಲ್ಲಿ ತೋಟ ಹಾಕಿಸಲು ಶುರು ಮಾಡಿದರು, ಟಿಪ್ಪು ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದರು. ಈಗ ಅದು 240 ಎಕರೆ. ಒಳಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಗಣರಾಜ್ಯ ದಿನ, ಸ್ವಾತಂತ್ರ್ಯ ದಿನದ ಸಮಯದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದು ಅಲ್ಲೇ. ಆಗ ಕಾಲಿಡಲು ಜಾಗ ಇರುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೇರೆ ದಿನ ಹೋಗುವುದು ಒಳ್ಳೆಯದು. ಬ್ಯಾಟರಿ ಗಾಡಿಯಲ್ಲಿ ಕೂತರೆ ಕಾಲು ನೋಯಿಸಿಕೊಳ್ಳದೆ ಒಂದು ಸುತ್ತು ಆಗುತ್ತದೆ.

ಹಳೆಯ ಬೂರುಗದ ಮರದ ಬುಡ ನೋಡಿ ಮಗಳು ಫೋನ್ ತೆಗೆದಳು. ಉಮ್ಮ ಗಿಡಗಳ ಹೆಸರು ಹೇಳುತ್ತಾ ಹೋದರು. ಅಂಗಡಿಯ ಒಳಗೆ ಅಷ್ಟು ವರ್ಷ ಕಳೆದವರಿಗೆ ಇಷ್ಟು ಮರ ಗೊತ್ತು ಅಂತ ನಮಗೇ ಗೊತ್ತಿರಲಿಲ್ಲ.

ಆಮೇಲೆ ಬಂಡೆ. ಕೆಂಪೇಗೌಡರ ಹೆಸರಿನ ಗಡಿ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂವಿಜ್ಞಾನ ಇಲಾಖೆ ಅದನ್ನು ರಾಷ್ಟ್ರೀಯ ಸ್ಮಾರಕ ಎಂದು ಗುರುತಿಸಿ ಫಲಕ ಹಾಕಿದೆ. ದೇವನಹಳ್ಳಿಯಲ್ಲಿ ಹುಟ್ಟಿದ ನಮ್ಮ ಕವಿ ಕೆ.ಎಸ್. ನಿಸಾರ್ ಅಹಮದ್ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಭೂವಿಜ್ಞಾನವೇ. ಕಲ್ಲಿನ ಪಾಠ ಹೇಳುವವರು ನಾಡಿನ ಕವಿಯಾದರು ಎಂದು ಮಗಳಿಗೆ ಹೇಳಿದೆ.

ಬಂಡೆಯ ಮೇಲೆ ಉಮ್ಮ ದಣಿದು ಕೂತಾಗ ಪಕ್ಕದಲ್ಲಿ ಕುಂಕುಮವಿಟ್ಟ ಒಬ್ಬ ಅಜ್ಜಿ ಕೂತಿದ್ದರು. ಉಮ್ಮನ ವಯಸ್ಸಿನವರೇ. "ಯಾವ ಊರಮ್ಮ?" ಅಂದರು. "ಹಿರೀಸಾವೆ." "ಅಯ್ಯೋ, ನಮ್ಮದು ಚನ್ನರಾಯಪಟ್ಟಣ ಕಣಮ್ಮ! ಸೊಸೆ ಮನೆಯಲ್ಲಿ ಇದ್ದೀನಿ ಈಗ." ಆಮೇಲೆ ನಮ್ಮನ್ನು ಯಾರೂ ಕೇಳಲಿಲ್ಲ. ತೆಂಗಿನಕಾಯಿ ರೇಟು, ಕೆರೆಗೆ ನೀರು ಬಂದದ್ದು, ಬೈಪಾಸ್ ಆದ ಮೇಲೆ ವ್ಯಾಪಾರ ಕಡಿಮೆಯಾದದ್ದು, ಮಂಡಿನೋವು, ಸಕ್ಕರೆ ಕಾಯಿಲೆ. ಅರ್ಧ ಗಂಟೆ ಇಬ್ಬರೂ ಮಾತಾಡಿದರು. ಏಳುವಾಗ ಉಮ್ಮ ಖರ್ಜೂರದ ಪೊಟ್ಟಣ ಬಿಚ್ಚಿ ಕೊಟ್ಟರು. ಆ ಅಜ್ಜಿ ನಾಲ್ಕು ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.

ಬೆಳಗ್ಗೆ ಉಮ್ಮ ಕೇಳಿದ ಪ್ರಶ್ನೆಗೆ ಇದೇ ಪೂರ್ತಿ ಉತ್ತರ ಅಂತ ನಾನು ಹೇಳುವುದಿಲ್ಲ. ಬೇರೆ ದಿನ, ಬೇರೆ ಜಾಗದಲ್ಲಿ ಬೇರೆ ಅನುಭವ ಆದವರೂ ಇರಬಹುದು. ಆದರೆ ಮನೆಯಲ್ಲಿ ಕೂತು ಫೋನು ನೋಡುತ್ತಿದ್ದರೆ ಆ ಅಜ್ಜಿ ಸಿಗುತ್ತಿರಲಿಲ್ಲ.

ಇನ್ನೊಂದು ದಿನ ಇದ್ದರೆ

ಮಕ್ಕಳಿದ್ದರೆ ಕಬ್ಬನ್ ಪಾರ್ಕ್ ಕಡೆಗೆ ಒಂದು ಪೂರ್ತಿ ದಿನ ಇಡಬೇಕು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಗುಂಡಿ ಒತ್ತಿ, ಚಕ್ರ ತಿರುಗಿಸಿ ವಿಜ್ಞಾನ ಕಲಿಯುತ್ತಾರೆ. ರೈಟ್ ಸಹೋದರರ ವಿಮಾನದ ಮಾದರಿಯೂ ಅಲ್ಲಿದೆ. ನೆಹರೂ ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನ ಇರುತ್ತದೆ. ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ ಈಗ ಹೈಕೋರ್ಟ್ ಇದೆ. ಎದುರಿಗೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ವಿಧಾನಸೌಧ. ಉಳ್ಳಾಲದ ಶಾಸಕರಾಗಿ ಕವಿ ಬಿ.ಎಂ. ಇದಿನಬ್ಬ ಅದರ ಮೆಟ್ಟಿಲು ಹತ್ತಿದ್ದರು ಅಂತ ಮಕ್ಕಳಿಗೆ ಹೇಳಿದರೆ ಆ ಕಟ್ಟಡ ಸ್ವಲ್ಪ ಹತ್ತಿರವಾಗುತ್ತದೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ ಬ್ರಿಟಿಷರ ದಂಡಿನ ಕಾಲದ್ದು. ಮೀನು, ಮಾಂಸ, ಹಣ್ಣು, ಹೂವು ಎಲ್ಲ ಒಂದೇ ಸೂರಿನಡಿ. ಎದುರಿಗೆ ಸಂತ ಮೇರಿ ಬೆಸಿಲಿಕಾ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಎಲ್ಲ ಜಾತಿಯವರೂ ಸೇರುತ್ತಾರೆ. ರಂಝಾನ್ ರಾತ್ರಿಗಳಲ್ಲಿ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಕಡೆ ಹಲೀಮ್, ಕಬಾಬ್, ಸಮೋಸಗಳ ಸಾಲು. ತಿನ್ನಲು ಹೋಗುವವರು ಒಂದು ನೆನಪಿಟ್ಟುಕೊಳ್ಳಬೇಕು: ಆ ರಸ್ತೆಯಲ್ಲಿ ಮನೆಗಳಿವೆ, ನಿದ್ದೆ ಮಾಡುವ ಮಕ್ಕಳಿದ್ದಾರೆ. ಕಸ ಚೆಲ್ಲಿ, ಹಾರ್ನ್ ಹೊಡೆದು ಬಂದರೆ ನೋಂಬಿನ ಹೆಸರಿಗೇ ಕೆಟ್ಟದ್ದು.

ಸಂಜೆ ನಾಟಕ ನೋಡುವವರಿಗೆ ಜೆ.ಪಿ. ನಗರದ ರಂಗಶಂಕರ ಇದೆ. ಶಂಕರ್‌ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ 2004ರಲ್ಲಿ ಕಟ್ಟಿದ್ದು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಕನ್ನಡ ನಾಟಕ, ಯಕ್ಷಗಾನ ಎರಡೂ ಸಿಗುತ್ತವೆ. ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಎದುರಿನ ರಸ್ತೆಯಿಡೀ ಚಿತ್ರಸಂತೆ. ಕಾರ್ತಿಕದ ಕೊನೆಯ ಸೋಮವಾರಕ್ಕೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಎರಡಕ್ಕೂ ಪ್ರವೇಶಕ್ಕೆ ಹಣ ಕೊಡಬೇಕಿಲ್ಲ.

ಚೈತ್ರ ಹುಣ್ಣಿಮೆಯ ರಾತ್ರಿ ನಡೆಯುವ ಬೆಂಗಳೂರು ಕರಗದ ವಿಷಯ ಹೇಳಲೇಬೇಕು. ತಿಗಳ ಸಮುದಾಯದವರು ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡಿಸುವ ಕರಗ ಕಾಟನ್‌ಪೇಟೆಯ ಹಝ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಇದನ್ನು ನಿಲ್ಲಿಸಬೇಕು ಅಂತ ಮಾತಾಡಿದವರೂ ಇದ್ದಾರೆ. ಕರಗ ನಡೆಸುವವರೇ ಅದು ನಮ್ಮ ಹಿರಿಯರ ಪದ್ಧತಿ ಅಂತ ಮುಂದುವರಿಸಿಕೊಂಡು ಬಂದಿದ್ದಾರೆ.

ಮಗಳ ಹಟಕ್ಕೆ ಹೊರಡುವ ಮುಂಚೆ ಗಾಂಧಿನಗರದ ಪುಸ್ತಕದಂಗಡಿಗೂ ಹೋದೆವು. ಅವಳು ಆರಿಸಿದ್ದು ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಊರಲ್ಲಿ ಎಲ್ಲರೂ ಸ್ಟೇಟಸ್ ಹಾಕಿದ್ದರು. ಪುಸ್ತಕ ಮಾತ್ರ ನಮ್ಮ ಮನೆಗೆ ಬಂದದ್ದು ಈಗ.

ಹೋಗುವವರಿಗೆ ನಾಲ್ಕು ಮಾತು

ಹಿರೀಸಾವೆಯಿಂದ ಬೆಂಗಳೂರು ಸುಮಾರು 120 ಕಿಲೋಮೀಟರ್. ಕಾರಿನಲ್ಲಿ ಹೋಗುವವರು ಊರೊಳಗೆ ಗಾಡಿ ನುಗ್ಗಿಸುವುದು ಬೇಡ. ನೆಲಮಂಗಲ ದಾಟಿದ ಮೇಲೆ ಮಾದಾವರ ಅಥವಾ ನಾಗಸಂದ್ರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಲಾಲ್‌ಬಾಗ್ ಮೂರೂ ಅದೇ ದಾರಿಯಲ್ಲಿವೆ. ಕಬ್ಬನ್ ಪಾರ್ಕ್‌ಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಬೇಕು. ವಾಪಸು ಬರುವಾಗ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಹಾಸನ, ಮಂಗಳೂರು ಬಸ್ಸುಗಳು ಸಿಗುತ್ತವೆ. ರೈಲು ಬೇಕಾದವರಿಗೆ ಶ್ರವಣಬೆಳಗೊಳದ ನಿಲ್ದಾಣ ಇದೆ. 2017ರಲ್ಲಿ ಬೆಂಗಳೂರು–ಹಾಸನ ಮಾರ್ಗ ಶುರುವಾದ ಮೇಲೆ ಅದು ಸುಲಭ.

ತಾರಾಲಯಕ್ಕೆ ಸೋಮವಾರ ರಜೆ. ದುರಸ್ತಿ ಅಂತ ಕೆಲವು ಮ್ಯೂಸಿಯಂ ಮುಚ್ಚಿರುವುದೂ ಉಂಟು, ಫೋನ್ ಮಾಡಿ ಹೋಗಿ. ವಯಸ್ಸಾದವರ ಜೊತೆ ಒಂದು ದಿನಕ್ಕೆ ಎರಡು ಜಾಗ ಸಾಕು, ಮೂರು ಮಾಡಲು ಹೋದರೆ ಯಾವುದೂ ನೋಡಿದ ಹಾಗೆ ಆಗುವುದಿಲ್ಲ. ಮಾತ್ರೆ, ನೀರು, ತಿಂಡಿ ಜೊತೆಯಲ್ಲಿರಲಿ. ಶೌಚಾಲಯ ಮೆಟ್ರೊ ನಿಲ್ದಾಣಗಳಲ್ಲಿ, ಲಾಲ್‌ಬಾಗಿನಲ್ಲಿ ಇದೆ.

ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಬೇರೆ ಪ್ರವಾಸವೇ ಬೇಕಿಲ್ಲ. ಆಸ್ಪತ್ರೆಗೋ, ಪಾಸ್‌ಪೋರ್ಟಿಗೋ, ಯಾರನ್ನಾದರೂ ಬಿಟ್ಟು ಬರಲಿಕ್ಕೋ ಹೇಗೂ ಹೋಗುತ್ತೇವೆ. ಆ ದಿನ ವಾಪಸಿನ ಬಸ್ಸನ್ನು ನಾಲ್ಕು ಗಂಟೆ ತಡ ಮಾಡಿದರೆ ಆಯಿತು. ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಟಿಪ್ಪು ಹುಟ್ಟಿದ ದೇವನಹಳ್ಳಿ ಕೋಟೆ ಹತ್ತಿರವೇ ಇದೆ. ಮಗನನ್ನು ಗಲ್ಫಿಗೆ ಬಿಟ್ಟು ಅಳುತ್ತಾ ಬರುವ ತಾಯಿಗೆ ಒಂದು ಗಂಟೆ ಎಲ್ಲಾದರೂ ಕೂರುವ ಜಾಗ ಬೇಕು.

ಅವತ್ತು ರಾತ್ರಿ ಹತ್ತೂವರೆಗೆ ಹಿರೀಸಾವೆಯಲ್ಲಿ ಇಳಿದೆವು. ಉಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದರು. ಬೆಳಗ್ಗೆ ಅಂಗಡಿಗೆ ಬಂದವರಿಗೆ ಚಹಾ ಕೊಡುತ್ತಾ, ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿಗೆ ಲಾಲ್‌ಬಾಗಿಗೆ ಮೆಟ್ರೊದಲ್ಲಿ ಹೇಗೆ ಹೋಗಬೇಕು ಅಂತ ವಿವರಿಸುತ್ತಿದ್ದರು. "ಲಿಫ್ಟಿದೆ, ಹೆದರಬೇಡಿ" ಅಂದದ್ದು ನನಗೆ ಕೇಳಿಸಿತು. ಮುಂದಿನ ತಪಾಸಣೆ ಮೂರು ತಿಂಗಳ ನಂತರ. ಆ ಚೀಟಿಯನ್ನು ಮಗಳು ಕ್ಯಾಲೆಂಡರಿಗೆ ಸಿಕ್ಕಿಸಿ ಪಕ್ಕದಲ್ಲಿ 'ಕಬ್ಬನ್ ಪಾರ್ಕ್' ಅಂತ ಬರೆದಿಟ್ಟಿದ್ದಾಳೆ.